ಬಿಲ್ಲಿನಲ್ಲಿದೆ, ಮರಣದ ಕಾರಣದಲ್ಲಿಲ್ಲ

ಬಹುಕಾಲದಿಂದ ಪರಿಚಿತರಾಗಿದ್ದ ಹಿರಿಯ ಸಹೋದ್ಯೋಗಿಯೊಬ್ಬರು ತೀರಿಕೊಂಡ ಕೆಲವು ವಾರಗಳ ನಂತರ ಅವರ ಮಗ ಆಸ್ಪತ್ರೆಯ ಕಾಗದಪತ್ರಗಳ ಕಂತೆಯೊಂದನ್ನು ಹಿಡಿದು ಮನೆಗೆ ಬಂದರು. ವಿಮಾ ಕಂಪನಿ ಎತ್ತಿದ್ದ ಆಕ್ಷೇಪಣೆಗಳಿಗೆ ಉತ್ತರ ಬರೆಯಬೇಕಾಗಿತ್ತು. ‘ಸರ್, ನೀವು ಜೀವಮಾನವೆಲ್ಲ ಲೆಕ್ಕಪತ್ರ ನೋಡಿದವರು, ಇದನ್ನೊಂದಿಷ್ಟು ನೋಡಿಕೊಡಿ’ ಎಂದರು. ನೋಡಿದೆ. ಸ್ನಾನದ ಮನೆಯಲ್ಲಿ ಜಾರಿಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದ ಆ ಹಿರಿಯರಿಗೆ ನಡೆದ ಶಸ್ತ್ರಚಿಕಿತ್ಸೆ ಸಂಪೂರ್ಣ ಯಶಸ್ವಿಯಾಗಿತ್ತು. ಆರನೆಯ ದಿನ ಜ್ವರ ಬಂತು. ಮೂತ್ರ ಹೊರಹೋಗಲು ಹಾಕಿದ್ದ ನಳಿಕೆಯ ಮೂಲಕ ಹೊಕ್ಕ ಸೋಂಕು ರಕ್ತಕ್ಕೆ ಏರಿತ್ತು. ಅಲ್ಲಿಂದ ತೀವ್ರ ನಿಗಾ ಘಟಕ, ಮೆರೋಪೆನೆಮ್, ಅದು ಫಲಿಸದಾಗ ಕೊಲಿಸ್ಟಿನ್, ಮೂತ್ರಪಿಂಡ ಕೈಕೊಟ್ಟ ಮೇಲೆ ಡಯಾಲಿಸಿಸ್. ಇಪ್ಪತ್ಮೂರನೆಯ ದಿನ ಎಲ್ಲವೂ ಮುಗಿಯಿತು.

ಬಿಲ್ಲಿನಲ್ಲಿ ನನಗೆ ತಪ್ಪು ಕಾಣಲಿಲ್ಲ. ಶಸ್ತ್ರಚಿಕಿತ್ಸೆ, ಮೂಳೆಗೆ ಅಳವಡಿಸಿದ ಲೋಹ, ವೈದ್ಯರ ಶುಲ್ಕ ಇವೆಲ್ಲ ಸೇರಿ ಒಟ್ಟು ಮೊತ್ತದ ಕಾಲು ಭಾಗವನ್ನೂ ಮುಟ್ಟಿರಲಿಲ್ಲ. ಉಳಿದದ್ದೆಲ್ಲ ಜ್ವರ ಬಂದ ನಂತರದ ಖರ್ಚು. ಕಂತೆಯ ನಡುವೆ ಒಂದು ಕಲ್ಚರ್ ವರದಿ ಇತ್ತು. ಕ್ಲೆಬ್ಸಿಯೆಲ್ಲಾ ಎಂಬ ಬ್ಯಾಕ್ಟೀರಿಯಾದ ಹೆಸರು, ಅದರ ಕೆಳಗೆ ಹದಿನೈದು ಹದಿನಾರು ಔಷಧಗಳ ಪಟ್ಟಿ, ಪ್ರತಿ ಔಷಧದ ಎದುರಿಗೂ ‘ಆರ್’ ಎಂಬ ಒಂದೇ ಅಕ್ಷರ. ರೆಸಿಸ್ಟೆಂಟ್, ಅಂದರೆ ಈ ಔಷಧಕ್ಕೆ ಜಗ್ಗುವುದಿಲ್ಲ ಎಂದರ್ಥ. ಕೊನೆಯ ಒಂದೆರಡು ಸಾಲುಗಳಲ್ಲಿ ಮಾತ್ರ ಬೇರೆ ಅಕ್ಷರವಿತ್ತು. ಆದರೆ ಮರಣದ ಕಾರಣವನ್ನು ದೃಢೀಕರಿಸುವ ವೈದ್ಯಕೀಯ ಪ್ರಮಾಣಪತ್ರದಲ್ಲಿ ಈ ಬ್ಯಾಕ್ಟೀರಿಯಾದ ಹೆಸರಿರಲಿಲ್ಲ. ‘ಬಹು ಅಂಗಾಂಗ ವೈಫಲ್ಯ’ ಎಂದಿತ್ತು.

ಆ ಆಸ್ಪತ್ರೆ ತಪ್ಪು ಮಾಡಿತೆಂದು ಹೇಳಲು ನನ್ನಲ್ಲಿ ಆಧಾರವಿಲ್ಲ. ಹೇಳುವ ಉದ್ದೇಶವೂ ಇಲ್ಲ. ನನ್ನನ್ನು ಕಾಡಿದ ಸಂಗತಿ ಬೇರೆ. ಒಂದು ಕುಟುಂಬದ ಉಳಿತಾಯವನ್ನೂ ಒಬ್ಬ ಮನುಷ್ಯನ ಜೀವವನ್ನೂ ತೆಗೆದುಕೊಂಡ ಕಾರಣವು ಸರ್ಕಾರದ ಯಾವ ದಾಖಲೆಯನ್ನೂ ಸೇರಲಿಲ್ಲ. ಅದೇ ಆಸ್ಪತ್ರೆಗೆ ಮರುದಿನ ಸೊಂಟದ ಶಸ್ತ್ರಚಿಕಿತ್ಸೆಗೆಂದು ಬರುವವರಿಗೆ ಕೊಠಡಿ ಬಾಡಿಗೆ ಎಷ್ಟೆಂಬುದು ಗೊತ್ತಿರುತ್ತದೆ. ಅಲ್ಲಿ ಎಷ್ಟು ಜನರಿಗೆ ಸೋಂಕು ತಗುಲುತ್ತದೆ ಎಂಬುದು ಗೊತ್ತಿರುವುದಿಲ್ಲ.

ಲೆಕ್ಕಕ್ಕೂ ಸೋಂಕಿಗೂ ಇರುವ ನಂಟು ಹೊಸದಲ್ಲ. 1840ರ ದಶಕದಲ್ಲಿ ವಿಯೆನ್ನಾದ ಸಾರ್ವಜನಿಕ ಆಸ್ಪತ್ರೆಯಲ್ಲಿ ಎರಡು ಹೆರಿಗೆ ವಿಭಾಗಗಳಿದ್ದವು. ಒಂದರಲ್ಲಿ ವೈದ್ಯ ವಿದ್ಯಾರ್ಥಿಗಳು, ಇನ್ನೊಂದರಲ್ಲಿ ಸೂಲಗಿತ್ತಿಯರು ಹೆರಿಗೆ ಮಾಡಿಸುತ್ತಿದ್ದರು. ಬಾಣಂತಿ ಜ್ವರದಿಂದ ಸಾಯುತ್ತಿದ್ದವರು ವೈದ್ಯರ ವಿಭಾಗದಲ್ಲಿಯೇ ಬಹಳ ಹೆಚ್ಚು. ಇಗ್ನಾಜ್ ಸೆಮ್ಮಲ್‌ವೈಸ್ ಎಂಬ ವೈದ್ಯ ಇದನ್ನು ಗುರುತಿಸಲು ಸಾಧ್ಯವಾದದ್ದು ಆ ಆಸ್ಪತ್ರೆ ಎರಡೂ ವಿಭಾಗಗಳ ಸಾವಿನ ಲೆಕ್ಕವನ್ನು ಪ್ರತ್ಯೇಕವಾಗಿ ಇಟ್ಟಿದ್ದರಿಂದ. ಶವಪರೀಕ್ಷೆ ಮಾಡಿದ ಕೈಗಳಲ್ಲಿಯೇ ವೈದ್ಯರು ಹೆರಿಗೆಗೆ ಬರುತ್ತಿದ್ದಾರೆಂದು ಅರಿತ ಅವನು 1847ರಲ್ಲಿ ಸುಣ್ಣ ಸೇರಿದ ಕ್ಲೋರಿನ್ ದ್ರಾವಣದಲ್ಲಿ ಕೈತೊಳೆಯುವುದನ್ನು ಕಡ್ಡಾಯ ಮಾಡಿದ. 1846ರಲ್ಲಿ ಶೇ 11ರಷ್ಟಿದ್ದ ಸಾವಿನ ಪ್ರಮಾಣ 1848ರಲ್ಲಿ ಶೇ 2ಕ್ಕಿಂತ ಕೆಳಗಿಳಿಯಿತು. ಬ್ಯಾಕ್ಟೀರಿಯಾಗಳೇ ರೋಗದ ಮೂಲವೆಂಬ ಸಿದ್ಧಾಂತ ಇನ್ನೂ ರೂಪುಗೊಂಡಿರಲಿಲ್ಲ; ಇದ್ದದ್ದು ಎರಡು ರಿಜಿಸ್ಟರುಗಳು. ಸಹ ವೈದ್ಯರಲ್ಲಿ ಬಹುಮಂದಿ ಅವನನ್ನು ಒಪ್ಪಲಿಲ್ಲ ಎಂಬುದನ್ನೂ ಇಲ್ಲಿಯೇ ಹೇಳಿಬಿಡಬೇಕು. ತಮ್ಮ ಕೈಗಳೇ ರೋಗ ಹರಡುತ್ತಿವೆ ಎಂಬ ಮಾತನ್ನು ಕೇಳಿಸಿಕೊಳ್ಳುವುದು ಯಾವ ಕಾಲದಲ್ಲಿಯೂ ಸುಲಭವಲ್ಲ.

ಇಂದಿನ ಸ್ಥಿತಿಗೆ ಬರೋಣ. ದಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ 2022ರಲ್ಲಿ ಪ್ರಕಟವಾದ ಜಾಗತಿಕ ಅಧ್ಯಯನದ ಪ್ರಕಾರ 2019ರ ಒಂದೇ ವರ್ಷದಲ್ಲಿ ಔಷಧಕ್ಕೆ ಜಗ್ಗದ ಬ್ಯಾಕ್ಟೀರಿಯಾಗಳು 12.7 ಲಕ್ಷ ಜನರ ಸಾವಿಗೆ ನೇರ ಕಾರಣವಾದವು, 49.5 ಲಕ್ಷ ಸಾವುಗಳಲ್ಲಿ ಅವುಗಳ ಪಾತ್ರವಿತ್ತು. ನಮ್ಮ ದೇಶದ ದೊಡ್ಡ ಆಸ್ಪತ್ರೆಗಳ ಚಿತ್ರವನ್ನು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ವಾರ್ಷಿಕ ವರದಿಗಳು ಕೊಡುತ್ತವೆ. ನಿಗಾ ಘಟಕಗಳನ್ನೇ ಮನೆ ಮಾಡಿಕೊಂಡಿರುವ ಅಸಿನೆಟೊಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾದ ಹತ್ತು ಮಾದರಿಗಳಲ್ಲಿ ಎಂಟಕ್ಕೂ ಹೆಚ್ಚು ಮಾದರಿಗಳು ಕಾರ್ಬಪೆನೆಮ್ ವರ್ಗದ ಔಷಧಗಳಿಗೆ ಜಗ್ಗುವುದಿಲ್ಲ. ಕ್ಲೆಬ್ಸಿಯೆಲ್ಲಾದಲ್ಲಿ ಅಂಥವು ಅರ್ಧಕ್ಕಿಂತ ಹೆಚ್ಚು. ಕಾರ್ಬಪೆನೆಮ್ ಎಂದರೆ ಬೇರೆಲ್ಲ ಸೋತಾಗ ಬಳಸಲೆಂದು ಇಟ್ಟುಕೊಂಡಿದ್ದ ಅಸ್ತ್ರ. ಅದೂ ಸೋತಾಗ ಕೊಡುವ ಕೊಲಿಸ್ಟಿನ್ 1950ರ ದಶಕದಿಂದ ಬಳಕೆಯಲ್ಲಿದ್ದು, ಮೂತ್ರಪಿಂಡಕ್ಕೆ ಹಾನಿ ಮಾಡುತ್ತದೆಂದು ವೈದ್ಯರೇ ಬದಿಗಿಟ್ಟಿದ್ದ ಔಷಧ. ಬೇರೆ ದಾರಿಯಿಲ್ಲದೆ ಅದನ್ನು ಮತ್ತೆ ಕೆಳಗಿಳಿಸಿಕೊಂಡಿದ್ದೇವೆ.

ಇದರ ಹೊರೆ ಮೊದಲು ಬೀಳುವುದು ತೀರಾ ಚಿಕ್ಕವರ ಮೇಲೆ. ದೆಹಲಿಯ ಮೂರು ದೊಡ್ಡ ಆಸ್ಪತ್ರೆಗಳಲ್ಲಿ 2011ರಿಂದ 2014ರವರೆಗೆ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನವೊಂದು ನವಜಾತ ಶಿಶುಗಳ ರಕ್ತದ ಸೋಂಕನ್ನು ಪರಿಶೀಲಿಸಿತು. ಅಲ್ಲಿ ಸಿಕ್ಕಿದ ಅಸಿನೆಟೊಬ್ಯಾಕ್ಟರ್ ಮಾದರಿಗಳಲ್ಲಿ ಶೇ 82 ಬಹು ಔಷಧಗಳಿಗೆ ಜಗ್ಗದಂಥವು. ಸೋಂಕುಗಳಲ್ಲಿ ಸುಮಾರು ಮೂರನೇ ಎರಡರಷ್ಟು ಹುಟ್ಟಿದ ಮೂರು ದಿನಗಳೊಳಗೆ ಕಾಣಿಸಿಕೊಂಡಿದ್ದವು. ಆ ಶಿಶುಗಳು ಔಷಧದಂಗಡಿಗೆ ಹೋಗಿ ಚೀಟಿಯಿಲ್ಲದೆ ಗುಳಿಗೆ ಕೊಂಡವರಲ್ಲ. ಕೋರ್ಸು ಅರ್ಧಕ್ಕೆ ನಿಲ್ಲಿಸಿದವರೂ ಅಲ್ಲ. ಜನರ ಅಜ್ಞಾನವೇ ಈ ಸಮಸ್ಯೆಯ ಮೂಲವೆಂದು ಭಾಷಣ ಮಾಡುವವರು ಇದನ್ನು ಗಮನಿಸಬೇಕು. ಹೊರಗಿನ ದುರ್ಬಳಕೆ ನಿಜ, ಕೋಳಿ ಸಾಕಣೆಯಲ್ಲಿನ ಬಳಕೆಯೂ ನಿಜ. ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಕೊಲಿಸ್ಟಿನ್ ಕೊಡುವುದನ್ನು ಕೇಂದ್ರ 2019ರಲ್ಲಿ ನಿಷೇಧಿಸಿದ್ದು ಸರಿಯಾದ ಹೆಜ್ಜೆ. ಆದರೆ ಅತ್ಯಂತ ಗಟ್ಟಿಯಾದ ಬ್ಯಾಕ್ಟೀರಿಯಾಗಳು ಪಳಗುವುದೂ ಒಬ್ಬರಿಂದ ಇನ್ನೊಬ್ಬರಿಗೆ ದಾಟುವುದೂ ಹೆಚ್ಚಾಗಿ ಆಸ್ಪತ್ರೆಯೊಳಗೇ.

ಈ ವಿಷಯದಲ್ಲಿ ನಮ್ಮ ಮೊದಲ ರಾಷ್ಟ್ರೀಯ ಪ್ರತಿಕ್ರಿಯೆ ಹೆಮ್ಮೆಪಡುವಂಥದ್ದಾಗಿರಲಿಲ್ಲ. ದೆಹಲಿಯಲ್ಲಿ ಚಿಕಿತ್ಸೆ ಪಡೆದು ಸ್ವೀಡನ್‌ಗೆ ಮರಳಿದ್ದ ಭಾರತೀಯ ಮೂಲದ ರೋಗಿಯೊಬ್ಬರಲ್ಲಿ 2008ರಲ್ಲಿ ಪತ್ತೆಯಾದ ಪ್ರತಿರೋಧದ ಕಿಣ್ವಕ್ಕೆ ವಿಜ್ಞಾನಿಗಳು ‘ನ್ಯೂ ಡೆಲ್ಲಿ ಮೆಟಲೊ ಬೀಟಾ ಲ್ಯಾಕ್ಟಮೇಸ್’ ಎಂದು ಹೆಸರಿಟ್ಟರು. 2010ರ ಆಗಸ್ಟ್‌ನಲ್ಲಿ ವಿವರವಾದ ಸಂಶೋಧನಾ ಲೇಖನ ಪ್ರಕಟವಾದಾಗ ನಮ್ಮಲ್ಲಿ ಎದ್ದ ಗದ್ದಲವೆಲ್ಲ ಹೆಸರಿನ ಬಗ್ಗೆ. ವೈದ್ಯಕೀಯ ಪ್ರವಾಸೋದ್ಯಮಕ್ಕೆ ಮಸಿ ಬಳಿಯುವ ಸಂಚು ಎಂಬ ಮಾತೂ ಬಂತು. ರಾಜಧಾನಿಯ ಹೆಸರಿಟ್ಟದ್ದು ಔಚಿತ್ಯವೇ ಎಂಬ ಪ್ರಶ್ನೆ ನ್ಯಾಯವಾದದ್ದೇ ಇರಬಹುದು. ಆದರೆ ಹೆಸರು ಯಾವುದಾದರೂ ಬ್ಯಾಕ್ಟೀರಿಯಾ ಅದೇ. ಮರುವರ್ಷ ಇದೇ ಸಂಶೋಧಕರ ತಂಡ ದೆಹಲಿಯಲ್ಲಿ ಸಂಗ್ರಹಿಸಿದ 50 ನಲ್ಲಿ ನೀರಿನ ಮಾದರಿಗಳ ಪೈಕಿ 2ರಲ್ಲಿ ಆ ಜೀನ್ ಸಿಕ್ಕಿತು. 2016ರಲ್ಲಿ ಅಮೆರಿಕದ ನೆವಾಡಾ ರಾಜ್ಯದಲ್ಲಿ ಎಪ್ಪತ್ತು ದಾಟಿದ ಮಹಿಳೆಯೊಬ್ಬರು ಅಲ್ಲಿ ಲಭ್ಯವಿದ್ದ 26 ಆ್ಯಂಟಿಬಯೋಟಿಕ್‌ಗಳಲ್ಲಿ ಒಂದಕ್ಕೂ ಜಗ್ಗದ ಕ್ಲೆಬ್ಸಿಯೆಲ್ಲಾದಿಂದ ಮೃತಪಟ್ಟರು. ತೊಡೆಮೂಳೆ ಮುರಿತಕ್ಕೆ ಅವರು ಅದಕ್ಕೂ ಮೊದಲು ಭಾರತದಲ್ಲಿ ಚಿಕಿತ್ಸೆ ಪಡೆದಿದ್ದರು. ನನ್ನ ಸಹೋದ್ಯೋಗಿಯ ಕಾಗದಗಳನ್ನು ಓದುವಾಗ ನನಗೆ ನೆನಪಾದದ್ದು ಆ ಪ್ರಕರಣ.

ಅರ್ಥಶಾಸ್ತ್ರದ ವಿದ್ಯಾರ್ಥಿಗೆ ಇದು ಅಪರಿಚಿತ ಸಮಸ್ಯೆಯಲ್ಲ. ಆ್ಯಂಟಿಬಯೋಟಿಕ್‌ನ ಶಕ್ತಿ ಊರ ಕೆರೆಯ ನೀರಿನಂಥದ್ದು. ಒಬ್ಬ ರೈತ ತನ್ನ ಗದ್ದೆಗೆ ಒಂದು ತಾಸು ಹೆಚ್ಚು ನೀರು ಹರಿಸಿಕೊಂಡರೆ ಅವನಿಗೆ ಲಾಭ, ನಷ್ಟ ಮಾತ್ರ ಕೊನೆಯ ಗದ್ದೆಯವನಿಗೆ. ಔಷಧದ ಬೆಲೆಯಲ್ಲಿ ತಯಾರಿಕೆಯ ಖರ್ಚಿದೆ, ಸಾಗಣೆಯ ಖರ್ಚಿದೆ, ಅಂಗಡಿಯವನ ಲಾಭವಿದೆ. ಅನಗತ್ಯವಾಗಿ ಬಳಸಿದ ಪ್ರತಿ ಸಲವೂ ಮುಂದೆ ಬರುವ ರೋಗಿಗೆ ಆಗುವ ನಷ್ಟ ಅದರಲ್ಲಿಲ್ಲ. ಅಷ್ಟಾದರೂ ನಮ್ಮ ಹಳೆಯ ಮೈಸೂರು ಸೀಮೆಯ ಕೆರೆಗಳು ನೂರಾರು ವರ್ಷ ಬಾಳಿದವಲ್ಲ! ಕಾರಣ, ಅಲ್ಲೊಬ್ಬ ನೀರುಗಂಟಿ ಇರುತ್ತಿದ್ದ. ತೂಬು ಎತ್ತುವ ಅಧಿಕಾರ ಅವನೊಬ್ಬನದೇ. ಯಾರ ಗದ್ದೆಗೆ ಎಷ್ಟು ಹೊತ್ತು, ಮಳೆ ಕೈಕೊಟ್ಟ ವರ್ಷ ಯಾರಿಗೆ ಎಷ್ಟು ಕಡಿತ ಎಂಬುದೆಲ್ಲ ಅವನ ಉಸ್ತುವಾರಿ. ಊರಿನ ಗೌಡನೂ ರಾತ್ರಿ ಹೋಗಿ ತೂಬಿಗೆ ಕೈ ಹಾಕುವಂತಿರಲಿಲ್ಲ. ಹಾಕಿದ ಗೌಡರ ಕಥೆಗಳೂ ಕಂದಾಯ ಇಲಾಖೆಯ ಹಳೆಯ ಕಡತಗಳಲ್ಲಿ ಬೇಕಾದಷ್ಟಿವೆ, ಆ ಮಾತು ಬೇರೆ.

ವೈದ್ಯಕೀಯ ವಲಯದಲ್ಲಿ ಈಗ ‘ಆ್ಯಂಟಿಬಯೋಟಿಕ್ ಉಸ್ತುವಾರಿ’ ಎಂದು ಕರೆಯುತ್ತಿರುವುದು ಬಹುಮಟ್ಟಿಗೆ ಈ ನೀರುಗಂಟಿಕೆಯನ್ನೇ. ಕೊನೆಯ ಸಾಲಿನ ಔಷಧಗಳನ್ನು ಕೊಡುವ ಮೊದಲು ಸೋಂಕುರೋಗ ತಜ್ಞರೊಬ್ಬರ ಒಪ್ಪಿಗೆ ಬೇಕು. ಔಷಧ ಆರಂಭಿಸುವ ಮೊದಲೇ ರಕ್ತ, ಮೂತ್ರಗಳ ಮಾದರಿ ಕಲ್ಚರ್‌ಗೆ ಹೋಗಬೇಕು. ಎರಡು ಮೂರು ದಿನಗಳಲ್ಲಿ ವರದಿ ಬಂದಾಗ ಯಾರಾದರೂ ಅದನ್ನು ಓದಿ, ದೊಡ್ಡ ಔಷಧವನ್ನು ನಿಲ್ಲಿಸಿ ಚಿಕ್ಕದಕ್ಕೆ ಇಳಿಸಬೇಕು. ಇದರಲ್ಲಿ ರಾಕೆಟ್ ವಿಜ್ಞಾನವೇನೂ ಇಲ್ಲ. ಆದರೂ ರಾಷ್ಟ್ರೀಯ ರೋಗ ನಿಯಂತ್ರಣ ಕೇಂದ್ರವು 2021ರ ನವೆಂಬರ್‌ನಿಂದ 2022ರ ಏಪ್ರಿಲ್‌ವರೆಗೆ ದೇಶದ 20 ದೊಡ್ಡ ಆಸ್ಪತ್ರೆಗಳಲ್ಲಿ ನಡೆಸಿದ ಸಮೀಕ್ಷೆಯಲ್ಲಿ ಕಂಡದ್ದೇನು? ಒಳರೋಗಿಗಳಲ್ಲಿ ಸುಮಾರು ಶೇ 72ರಷ್ಟು ಜನರಿಗೆ ಆ್ಯಂಟಿಬಯೋಟಿಕ್ ಕೊಡಲಾಗುತ್ತಿತ್ತು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ರೋಗವಿದೆ ಎಂದಲ್ಲ, ಬಾರದಿರಲಿ ಎಂದು. ರೋಗಕಾರಕ ಯಾವುದೆಂದು ಖಚಿತಪಡಿಸಿಕೊಂಡು ಔಷಧ ಕೊಟ್ಟ ಪ್ರಕರಣಗಳು ತೀರಾ ಕಡಿಮೆ.

ಇದಕ್ಕೆಲ್ಲ ವೈದ್ಯರ ದುರಾಸೆಯೇ ಕಾರಣವೆಂದು ಹೇಳುವುದು ಸುಲಭ, ಅದು ನ್ಯಾಯವಲ್ಲ. ರಾತ್ರಿ ಎರಡು ಗಂಟೆಗೆ ಜ್ವರದಿಂದ ನಡುಗುತ್ತಿರುವ ರೋಗಿಯ ಮುಂದೆ ನಿಂತ ಕಿರಿಯ ವೈದ್ಯನನ್ನು ಊಹಿಸಿಕೊಳ್ಳಿ. ಪ್ರಯೋಗಾಲಯ ಬೆಳಿಗ್ಗೆಯವರೆಗೆ ಬಾಗಿಲು ತೆಗೆಯುವುದಿಲ್ಲ. ಬಾಗಿಲಲ್ಲಿ ಹತ್ತು ಜನ ಬಂಧುಗಳು ನಿಂತಿದ್ದಾರೆ. ಚಿಕ್ಕ ಔಷಧ ಕೊಟ್ಟು ರೋಗಿ ಸತ್ತರೆ ಹೊಡೆತ ತಿನ್ನುವವನು ಅವನೇ. ದೊಡ್ಡ ಔಷಧ ಕೊಟ್ಟು, ಐದು ವರ್ಷದ ನಂತರ ಬೇರೆ ಯಾರೋ ಸತ್ತರೆ ಕೇಳುವವರಿಲ್ಲ. ಅವನು ಮಾಡುವ ಆಯ್ಕೆ ಅವನ ಸ್ಥಾನದಲ್ಲಿ ನಿಂತವರೆಲ್ಲರೂ ಮಾಡುವಂಥದ್ದು. ಅವನಿಗೆ ಉಪದೇಶ ಬೇಡ. ರಾತ್ರಿಯೂ ತೆರೆದಿರುವ ಪ್ರಯೋಗಾಲಯ ಬೇಕು, ಫೋನು ಎತ್ತುವ ಹಿರಿಯ ವೈದ್ಯರು ಬೇಕು.

ಇಲ್ಲಿ ನನ್ನದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ. ಎರಡು ದಶಕಗಳ ಹಿಂದೆ ಜಿಲ್ಲೆಯೊಂದರಲ್ಲಿ ನಾನು ಕೆಲಸ ಮಾಡುತ್ತಿದ್ದಾಗ ಜಿಲ್ಲಾ ಆಸ್ಪತ್ರೆಯ ಸಮಿತಿಯ ಮುಂದೆ ಎರಡು ಪ್ರಸ್ತಾವಗಳು ಬಂದವು. ಒಂದು, ಮುಂಭಾಗದ ಪೋರ್ಟಿಕೊ ಮತ್ತು ಗ್ರಾನೈಟ್ ನೆಲಹಾಸು. ಇನ್ನೊಂದು, ಕಲ್ಚರ್ ಪರೀಕ್ಷೆಯ ಸಣ್ಣ ಪ್ರಯೋಗಾಲಯ. ಹಣವಿದ್ದದ್ದು ಒಂದಕ್ಕೆ. ‘ಅದಿಲ್ಲದೆ ನಾವು ಕಣ್ಣುಕಟ್ಟಿಕೊಂಡು ಔಷಧ ಕೊಡುತ್ತಿದ್ದೇವೆ ಸರ್’ ಎಂದು ಹಿರಿಯ ವೈದ್ಯರೊಬ್ಬರು ಹೇಳಿದರು. ಪ್ರಯೋಗಾಲಯದ ಕಡತದ ಮೇಲೆ ‘ಮುಂದಿನ ಸಾಲಿನಲ್ಲಿ ಪರಿಶೀಲಿಸಬಹುದು’ ಎಂದು ಷರಾ ಬರೆದವನು ನಾನು. ಯಾರೂ ಆಕ್ಷೇಪಿಸಲಿಲ್ಲ. ಪೋರ್ಟಿಕೊಗೆ ಉದ್ಘಾಟನೆಯಿದೆ, ಕಲ್ಲಿನ ಮೇಲೆ ಹೆಸರಿದೆ. ಕಲ್ಚರ್ ತಟ್ಟೆಗೆ ಯಾರು ಟೇಪು ಕತ್ತರಿಸುತ್ತಾರೆ? ಮುಂದಿನ ಸಾಲು ಬರುವ ಹೊತ್ತಿಗೆ ನನಗೆ ವರ್ಗವಾಗಿತ್ತು.

ಅಂದಿನಿಂದ ಇಂದಿನವರೆಗೆ ಕಾಗದದ ಮೇಲೆ ಬಹಳಷ್ಟು ಆಗಿದೆ. 2011ರಲ್ಲಿ ರಾಷ್ಟ್ರೀಯ ನೀತಿ ಬಂತು. 2014ರ ಮಾರ್ಚ್‌ನಿಂದ ಜಾರಿಯಾದ ಎಚ್1 ಪರಿಶಿಷ್ಟದ ಪ್ರಕಾರ ಅದರಲ್ಲಿನ 46 ಔಷಧಗಳನ್ನು ಮಾರುವ ಅಂಗಡಿಯವರು ವೈದ್ಯರ ಹೆಸರನ್ನೂ ರೋಗಿಯ ಹೆಸರನ್ನೂ ಪ್ರತ್ಯೇಕ ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಕಾಯ್ದಿಡಬೇಕು. ಅದನ್ನು ತೆರೆದು ನೋಡಿದ ಇನ್‌ಸ್ಪೆಕ್ಟರುಗಳು ಎಷ್ಟು ಮಂದಿಯೋ! 2017ರಲ್ಲಿ ರಾಷ್ಟ್ರೀಯ ಕ್ರಿಯಾ ಯೋಜನೆ, 2025ರಲ್ಲಿ ಅದರ ಎರಡನೆಯ ಆವೃತ್ತಿ. 2024ರ ಜನವರಿಯಲ್ಲಿ ಕೇಂದ್ರದ ಆರೋಗ್ಯ ಸೇವೆಗಳ ಮಹಾನಿರ್ದೇಶಕರು ಆ್ಯಂಟಿಬಯೋಟಿಕ್ ಬರೆಯುವಾಗ ಕಾರಣವನ್ನೂ ಬರೆಯಬೇಕೆಂದು ವೈದ್ಯಕೀಯ ಕಾಲೇಜುಗಳ ವೈದ್ಯರಿಗೆ ಪತ್ರ ಬರೆದರು. ನೆರೆಯ ಕೇರಳ ಇವೆಲ್ಲಕ್ಕಿಂತ ಒಂದು ಹೆಜ್ಜೆ ಮುಂದೆ ಹೋಯಿತು. 2018ರಲ್ಲಿಯೇ ತನ್ನದೇ ಕ್ರಿಯಾ ಯೋಜನೆ ರೂಪಿಸಿತು. 2024ರಲ್ಲಿ ‘ಆಪರೇಷನ್ ಅಮೃತ್’ ಹೆಸರಿನಲ್ಲಿ ಚೀಟಿಯಿಲ್ಲದೆ ಆ್ಯಂಟಿಬಯೋಟಿಕ್ ಮಾರುವ ಅಂಗಡಿಗಳ ಮೇಲೆ ದಾಳಿ ನಡೆಸಿತು.

ಇಷ್ಟೆಲ್ಲದರ ನಡುವೆ ಬಿಟ್ಟುಹೋದದ್ದು ಆಸ್ಪತ್ರೆಯ ಹೆಸರು ಹಿಡಿದು ಲೆಕ್ಕ ಕೇಳುವ ಕೆಲಸ. ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ಮುನ್ನಡೆಸುತ್ತಿರುವ ಜಾಲವೊಂದು ದೇಶದ 54 ಆಸ್ಪತ್ರೆಗಳ 200 ನಿಗಾ ಘಟಕಗಳಿಂದ ಏಳು ವರ್ಷ ಮಾಹಿತಿ ಕಲೆಹಾಕಿದೆ. ಎದೆಯ ದೊಡ್ಡ ರಕ್ತನಾಳಕ್ಕೆ ಹಾಕುವ ನಳಿಕೆಯಿಂದ ಬರುವ ರಕ್ತದ ಸೋಂಕು ಪ್ರತಿ 1,000 ನಳಿಕೆ-ದಿನಗಳಿಗೆ ಒಂಬತ್ತರ ಆಸುಪಾಸು. ಶ್ಲಾಘನೀಯ ಕೆಲಸ. ಆದರೆ ಅಲ್ಲಿರುವುದು ಸರಾಸರಿ. ರೋಗಿ ದಾಖಲಾಗುವುದು ಸರಾಸರಿಯಲ್ಲಿ ಅಲ್ಲ, ಒಂದು ನಿರ್ದಿಷ್ಟ ಆಸ್ಪತ್ರೆಯಲ್ಲಿ.

ಈ ಅಂಕಿಯನ್ನು ಇಳಿಸಲು ಸಾಧ್ಯವೇ ಎಂದರೆ ಖಂಡಿತ ಸಾಧ್ಯ. ಅಮೆರಿಕದ ಮಿಷಿಗನ್ ರಾಜ್ಯದಲ್ಲಿ 2003ರಲ್ಲಿ ಆರಂಭವಾದ ಪ್ರಯೋಗದಲ್ಲಿ ನೂರಕ್ಕೂ ಹೆಚ್ಚು ನಿಗಾ ಘಟಕಗಳು ಭಾಗವಹಿಸಿದ್ದವು. ಕೈತೊಳೆಯುವುದು, ನಳಿಕೆ ಹಾಕುವಾಗ ರೋಗಿಯ ಮೈಯನ್ನು ಪೂರ್ತಿ ಶುದ್ಧ ಬಟ್ಟೆಯಿಂದ ಮುಚ್ಚುವುದು, ಚರ್ಮವನ್ನು ಕ್ಲೋರ್‌ಹೆಕ್ಸಿಡಿನ್‌ನಿಂದ ಒರೆಸುವುದು, ತೊಡೆಸಂದಿನ ರಕ್ತನಾಳವನ್ನು ಆದಷ್ಟು ಬಿಡುವುದು, ಬೇಡವಾದ ದಿನವೇ ನಳಿಕೆ ತೆಗೆಯುವುದು, ಇಷ್ಟೇ ಅಲ್ಲಿನ ಪಟ್ಟಿ. ವೈದ್ಯರು ಒಂದು ಹೆಜ್ಜೆ ತಪ್ಪಿಸಿದರೂ ತಡೆಯುವ ಅಧಿಕಾರ ಶುಶ್ರೂಷಕಿಯದು. ಒಂದೂವರೆ ವರ್ಷದಲ್ಲಿ ಸರಾಸರಿ ಸೋಂಕು 7.7ರಿಂದ 1.4ಕ್ಕೆ ಇಳಿಯಿತು. ಹೊಸ ಔಷಧವೊಂದನ್ನೂ ಬಳಸಲಿಲ್ಲ. ನಮ್ಮ ಆಸ್ಪತ್ರೆಗಳಲ್ಲಿ ಶುಶ್ರೂಷಕಿಯೊಬ್ಬರು ಶಸ್ತ್ರಚಿಕಿತ್ಸಕರಿಗೆ ‘ಸರ್, ಕೈತೊಳೆದಿಲ್ಲ’ ಎಂದು ಹೇಳುವ ದಿನವನ್ನು ಕಲ್ಪಿಸಿಕೊಳ್ಳಲು ನನಗೆ ಸ್ವಲ್ಪ ಕಷ್ಟವಾಗುತ್ತದೆ. ಒಬ್ಬರು ಎಷ್ಟು ಹಾಸಿಗೆಗಳನ್ನು ನೋಡಿಕೊಳ್ಳಬೇಕು ಎಂಬ ಪ್ರಶ್ನೆಯೂ ಅದಕ್ಕೆ ಅಂಟಿಕೊಂಡಿದೆ. ಒಂದೇ ವಾರ್ಮರ್‌ನಲ್ಲಿ ಎರಡು ಶಿಶುಗಳನ್ನು ಮಲಗಿಸಿರುವಲ್ಲಿ ಯಾವ ಪಟ್ಟಿಯೂ ಉಳಿಸದು.

ಬಹಿರಂಗಪಡಿಸುವುದರ ಬಲಕ್ಕೆ ಇಂಗ್ಲೆಂಡ್ ಸಾಕ್ಷಿ. ಅಲ್ಲಿ 2001ರಿಂದ ಆಸ್ಪತ್ರೆಗಳು ಎಂಆರ್‌ಎಸ್‌ಎ ಎಂಬ ಬ್ಯಾಕ್ಟೀರಿಯಾದ ರಕ್ತ ಸೋಂಕುಗಳನ್ನು ಕಡ್ಡಾಯವಾಗಿ ವರದಿ ಮಾಡಬೇಕಾಯಿತು. ಅಂಕಿಗಳು ಆಸ್ಪತ್ರೆವಾರು ಪ್ರಕಟವಾದವು. ಪತ್ರಿಕೆಗಳು ಕೊಳಕು ವಾರ್ಡುಗಳ ಚಿತ್ರ ಹಾಕಿದವು, ಸಂಸತ್ತಿನಲ್ಲಿ ಸಚಿವರು ಉತ್ತರ ಕೊಡಬೇಕಾಯಿತು. 2004ರಲ್ಲಿ ಈ ಸೋಂಕನ್ನು ಅರ್ಧಕ್ಕೆ ಇಳಿಸುವ ಗುರಿ ಇಟ್ಟುಕೊಂಡರು. 2003–04ರಲ್ಲಿ 7,700ರಷ್ಟಿದ್ದ ಪ್ರಕರಣಗಳು ಐದು ವರ್ಷಗಳಲ್ಲಿ 3,000ಕ್ಕಿಂತ ಕೆಳಗೆ ಬಂದವು.

ಕರ್ನಾಟಕಕ್ಕೆ ಇದಕ್ಕಾಗಿ ಹೊಸ ಕಾಯ್ದೆಯೇನೂ ಬೇಕಿಲ್ಲ. 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ ಇದೆ. 2017ರಲ್ಲಿ ಅದರ ತಿದ್ದುಪಡಿಯ ವಿರುದ್ಧ ವೈದ್ಯರು ಬೀದಿಗಿಳಿದದ್ದು ಓದುಗರಿಗೆ ನೆನಪಿರಬಹುದು. ಆಗ ಜಗಳವೆಲ್ಲ ದರದ ಸುತ್ತ ನಡೆಯಿತು. ದರಪಟ್ಟಿಯನ್ನು ಗೋಡೆಗೆ ಹಾಕಬೇಕೆನ್ನುವ ವ್ಯವಸ್ಥೆಯಲ್ಲಿ ಸೋಂಕಿನ ಪಟ್ಟಿಯನ್ನೂ ಹಾಕಬೇಕೆಂಬ ಒಂದು ಕಲಮು ಸೇರಲು ಅಡ್ಡಿಯೇನು? ರಾಷ್ಟ್ರೀಯ ಮಾನ್ಯತಾ ಮಂಡಳಿಯ ಪ್ರಮಾಣಪತ್ರ ಪಡೆದ ಆಸ್ಪತ್ರೆಗಳು ನಳಿಕೆ, ವೆಂಟಿಲೇಟರ್, ಶಸ್ತ್ರಚಿಕಿತ್ಸೆಯ ಗಾಯ ಇವುಗಳ ಸೋಂಕಿನ ಲೆಕ್ಕವನ್ನು ಈಗಾಗಲೇ ಇಡುತ್ತಿವೆ. ಅದನ್ನು ಬೀರುವಿನಿಂದ ಹೊರತೆಗೆಯಬೇಕು, ಅಷ್ಟೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಸರ್ಕಾರವೇ ಆಸ್ಪತ್ರೆಗಳಿಗೆ ಹಣ ಕೊಡುವ ದೊಡ್ಡ ಗ್ರಾಹಕ. ಕೊನೆಯ ಸಾಲಿನ ಔಷಧ ಬಳಸಿದ ಪ್ರಕರಣಕ್ಕೆ ಕಲ್ಚರ್ ವರದಿ ಲಗತ್ತಿಸದೆ ಹಣವಿಲ್ಲ ಎನ್ನುವ ಅಧಿಕಾರ ಹಣ ಕೊಡುವವನಿಗೆ ಇರಲೇಬೇಕು. ಅಮೆರಿಕದ ಮೆಡಿಕೇರ್ 2008ರಿಂದಲೇ ಆಸ್ಪತ್ರೆಯಲ್ಲಿ ತಗುಲಿದ ಕೆಲವು ಸೋಂಕುಗಳ ಹೆಚ್ಚುವರಿ ವೆಚ್ಚ ಕೊಡುವುದನ್ನು ನಿಲ್ಲಿಸಿದೆ.

ಒಂದು ಆಕ್ಷೇಪಣೆಗೆ ನಿಜವಾದ ತೂಕವಿದೆ. ಹುಡುಕುವವನಿಗೆ ಸೋಂಕು ಸಿಗುತ್ತದೆ; ಹುಡುಕದವನ ಪಟ್ಟಿಯಲ್ಲಿ ಸೊನ್ನೆ ಇರುತ್ತದೆ. ಪ್ರಾಮಾಣಿಕವಾಗಿ ಎಣಿಸುವ ಆಸ್ಪತ್ರೆಗೆ ಕೆಟ್ಟ ಹೆಸರು, ಕಣ್ಣು ಮುಚ್ಚಿ ಕುಳಿತದ್ದಕ್ಕೆ ಒಳ್ಳೆಯ ಹೆಸರು ಬರುವ ಅಪಾಯ ಇಲ್ಲದಿಲ್ಲ. ಆದ್ದರಿಂದ ಸೋಂಕಿನ ಸಂಖ್ಯೆಯ ಪಕ್ಕದಲ್ಲಿಯೇ ಎಷ್ಟು ಕಲ್ಚರ್ ಪರೀಕ್ಷೆಗಳನ್ನು ಮಾಡಲಾಯಿತು ಎಂಬುದೂ ಪ್ರಕಟವಾಗಬೇಕು. ನೂರು ಹಾಸಿಗೆಯ ನಿಗಾ ಘಟಕ ನಡೆಸುತ್ತ ತಿಂಗಳಿಗೆ ನಾಲ್ಕು ಪರೀಕ್ಷೆ ಮಾಡಿಸುವವರ ಸೊನ್ನೆಯ ಬೆಲೆ ಏನೆಂದು ಓದುಗರಿಗೆ ತಾನಾಗಿಯೇ ತಿಳಿಯುತ್ತದೆ. ಮೊದಲ ಎರಡು ವರ್ಷ ದಂಡ ಬೇಡ, ಪ್ರಕಟಣೆ ಮಾತ್ರ ಸಾಕು. ದಂಡ ಬಂದೊಡನೆ ಅಂಕಿಅಂಶಗಳು ಸುಧಾರಿಸುತ್ತವೆ, ಆಸ್ಪತ್ರೆಗಳು ಸುಧಾರಿಸುವುದಿಲ್ಲ ಎಂಬುದನ್ನು ಆಡಳಿತದಲ್ಲಿ ನಾಲ್ಕು ದಿನ ಇದ್ದವರೆಲ್ಲ ಬಲ್ಲರು.

ಇದು ಆರಂಭವಾಗಬೇಕಾದದ್ದು ಸರ್ಕಾರದ್ದೇ ಆಸ್ಪತ್ರೆಗಳಿಂದ. ತನ್ನ ಮನೆಯ ಲೆಕ್ಕ ತೋರಿಸದವರಿಗೆ ಖಾಸಗಿಯವರ ಲೆಕ್ಕ ಕೇಳುವ ನೈತಿಕ ಬಲ ಇರುವುದಿಲ್ಲ. ಪ್ರತಿ ಜಿಲ್ಲಾ ಆಸ್ಪತ್ರೆಯಲ್ಲಿ ದಿನದ ಇಪ್ಪತ್ನಾಲ್ಕು ಗಂಟೆಯೂ ನಡೆಯುವ ಕಲ್ಚರ್ ಪ್ರಯೋಗಾಲಯ, ಒಬ್ಬ ಸೂಕ್ಷ್ಮಜೀವಿ ತಜ್ಞ, ಬೇರೆ ಯಾವ ಕೆಲಸಕ್ಕೂ ಎಳೆಯದ ಒಬ್ಬ ಸೋಂಕು ನಿಯಂತ್ರಣ ಶುಶ್ರೂಷಕಿ, ಇಷ್ಟನ್ನು ಮುಂದಿನ ಬಜೆಟ್‌ನಲ್ಲಿ ಪ್ರತ್ಯೇಕ ಲೆಕ್ಕ ಶೀರ್ಷಿಕೆಯಡಿ ಇಡಬೇಕು. ಪ್ರತ್ಯೇಕ ಶೀರ್ಷಿಕೆ ಏಕೆಂದರೆ, ಸಾಮಾನ್ಯ ಅನುದಾನದಲ್ಲಿ ಸೇರಿಸಿದರೆ ಆ ಹಣ ಎಲ್ಲಿಗೆ ಹೋಗುತ್ತದೆಂಬುದು, ಮೇಲೆ ಹೇಳಿದ ಪೋರ್ಟಿಕೊವನ್ನು ಮಂಜೂರು ಮಾಡಿದವನಿಗೆ ಚೆನ್ನಾಗಿ ಗೊತ್ತು.